ವಾಕಿಂಗ್ ಮಾಡೋರಿಗೆ ಎಚ್ಚರ ಕೊಡ್ಲಿಕ್ಕೆ ಸೈಕಲ್‌ಗೆ ಯಾವ ಘಂಟಿ ಛಲೋ?

ಸೇಡಂರೋಡ್_ಸವಾರ:

ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿ ಯೂನಿವರ್ಸಿಟಿ ಒಳಗಿನ ರಸ್ತೆ ಮ್ಯಾಲ ಮುಂಜಾನಿ ಐದೂವರಿಯಿಂದ ಏಳರ ತನಕ ಸೈಕಲ್ ಹೊಡೆಯೋರು, ನಡೆಯೋರು ಎಲ್ಲಾರ್ದೂ ಒಂದೇ ಹಾದಿ. ನಡೆಯೋರೊಳಗ ಅರವತ್ತು ದಾಟಿದೋರೇ ಹೆಚ್ಚು. ಮತ್ತ ಮೂರ್ನಾಕು ಮಂದಿ ಸಾಲಾಗಿ ಮಾತಾಡ್ಕೋತ ಹೋಗೋರು, ಕಿವ್ಯಾಗ ಇಯರ್‌ಫೋನ್ ಇಟ್ಕೊಂಡ ಹುಡುಗ್ರು. ಹಿಂದಿನಿಂದ ಸೈಕಲ್ ಬರ್ಲತ್ತದ ಅಂತ ಅವರಿಗೆ ಗೊತ್ತಾಗ್ಬೇಕು, ಆದ್ರ ಬೆಚ್ಚಿ ಬೀಳಬಾರದು.

ನಂದು 21 ಗೇರಿನ ಸೈಕಲ್. ಹ್ಯಾಂಡಲ್ ನಡುಮಧ್ಯ 31.8 ಮಿ.ಮೀ. ದಪ್ಪ, ಹಿಡಿ ಕಡಿ 22.2. ಎಡಕ್ಕ ಬ್ರೇಕ್, ಗೇರ್ ಶಿಫ್ಟರ್ ಎರಡೂ ಕೂತಾವ, ಜಾಗ ಕಮ್ಮಿ. ಸೈಕಲ್ ಜೋಡಿ ಬಂದ ಸಣ್ಣ ಘಂಟಿ 'ಟಿಕ್' ಅಂತದ, ಅಷ್ಟೇ. ಅಂಗಡ್ಯಾಗ ಮೂರು ಥರ ತೋರ್ಸ್ತಾರ: ಹಳೇ ಟ್ರಿಣ್ ಟ್ರಿಣ್ ಘಂಟಿ, ಹಿತ್ತಾಳಿ ಬಟ್ಟಲದ್ದು ಒಂದೇ ಸಲ 'ಟಿಂಗ್' ಅನ್ನೋದು, ಬ್ಯಾಟರಿ ಹಾರ್ನ್. ಯಾವುದು ತಗೋಬೇಕು, ಎಲ್ಲಿ ಕೂಡಿಸ್ಬೇಕು? ತಿಳಿದೋರು ಹೇಳ್ರಿ.


ಪಾನಾ_ಪಕ್ಕಡ್:

ಬ್ಯಾಟರಿ ಹಾರ್ನ್ ಮೊದಲು ತಲಿಯಿಂದ ತೆಗೀರಿ. ಅದು ಲಾರಿ, ಬಸ್ಸು ಓಡಾಡೋ ರಸ್ತೆಗೆ. ನಡೆಯೋ ಮನುಷ್ಯಾಗ ಬೆನ್ನ ಹಿಂದ ಹಾರ್ನ್ ಬಡದ್ರ ಮೋಟರ್ ಸೈಕಲ್ಲೇ ಮೈಮ್ಯಾಲ ಬಂತು ಅಂತ ಎತ್ತ ಬೇಕತ್ತ ಜಿಗೀತಾನ, ಎಷ್ಟೋ ಸಲ ನಿಮ್ಮ ಗಾಲಿ ಮುಂದೇ ಬಂದು ಬೀಳ್ತಾನ. ಪೋಂ ಪೋಂ ರಬ್ಬರ್ ಹಾರ್ನ್ ಭೀ ಬ್ಯಾಡ. ಅದು ಕೇಳಿದ್ರ ಯಾರೋ ಮಾರೋರು ಬಂದ್ರು ಅಂತ ತಿರುಗಿ ನಿಂದರ್ತಾರ ಹೊರ್ತು ಸರಿಯಂಗಿಲ್ಲ. ಮ್ಯಾಲ ನಮ್ಮ ಕಡಿ ಬ್ಯಾಸಿಗಿ ಬಿಸಿಲಿಗೆ ಆ ರಬ್ಬರ್ ಗುಂಡು ಸೀಳು ಬಿಡ್ತದ.

ಉಳಿದ ಎರಡರಾಗ ನನ್ನ ಓಟು ಹಿತ್ತಾಳಿಗೆ. ಜೋರು ಸದ್ದು ಅಂತಲ್ಲ, ಉದ್ದ ಸದ್ದು ಅಂತ. 'ಟಿಂಗ್…' ಅಂತ ಶುರುವಾಗಿ ಮೆಲ್ಲಕ ಇಳಿಯೋ ಸದ್ದಿಗೆ ಮನುಷ್ಯಾ ತಲಿ ಹೊಳ್ಳಿಸಿ ಎಡಕೋ ಬಲಕೋ ಅಂತ ನೋಡ್ಲಿಕ್ಕೆ ಟೈಮ್ ಸಿಗ್ತದ. 'ಟಿಕ್' ಅಂತ ಸತ್ತ ಸದ್ದು ಎಲ್ಲಿಂದ ಬಂತು ಅನ್ನೋದೇ ತಿಳಿಯಂಗಿಲ್ಲ.

ಅಂಗಡ್ಯಾಗ ಹಿಂಗ ಪರೀಕ್ಷಾ ಮಾಡ್ರಿ. ಬಟ್ಟಲ ಮುಟ್ಟದಂಗ ಬುಡ ಹಿಡ್ಕೊಂಡು ಒಂದೇ ಸಲ ಬಡೀರಿ, ಬಾಯಾಗ ಎಣಿಸ್ರಿ. ನಾಕೈದು ಸೆಕೆಂಡ್ ಗುಂಯ್ ಅಂತ ನಿಂತ್ರ ಛಲೋ ಮಾಲು. ಒಂದೇ ಸೆಕೆಂಡಿಗೆ ಸತ್ರ ಇಲ್ಲಾ ತಗಡು ಹಲ್ಕಾ ಅದ, ಇಲ್ಲಾ ಬಟ್ಟಲ ಎಲ್ಲೋ ತಾಗ್ಲತ್ತದ. ಬಣ್ಣ ನೋಡಿ ಮೋಸ ಹೋಗಬ್ಯಾಡ್ರಿ, ಕಬ್ಬಿಣಕ್ಕ ಹಿತ್ತಾಳಿ ಬಣ್ಣ ಕೊಟ್ಟದ್ದು ಭಾಳ ಬರ್ತದ. ಜೇಬಿನಾಗ ಸಣ್ಣ ಅಯಸ್ಕಾಂತ ಒಯ್ರಿ, ಹಳೇ ಸ್ಪೀಕರಿಂದು ಆದ್ರೂ ನಡೀತದ. ಬಟ್ಟಲದ ಅಂಚಿಗೆ ಹಚ್ಚಿ ನೋಡ್ರಿ, ಹಿಡಿದ್ರ ಅದು ಕಬ್ಬಿಣ. ನಡುವಿನ ಸ್ಕ್ರೂಗೆ ಹಚ್ಚಬ್ಯಾಡ್ರಿ, ಸ್ಕ್ರೂ ಕಬ್ಬಿಣದ್ದೇ ಇರ್ತದ. ಅಯಸ್ಕಾಂತ ಹಿಡೀಲಿಲ್ಲ, ಕೈಯಾಗ ತೂಕನೂ ಇಲ್ಲ ಅಂದ್ರ ಅಲ್ಯುಮಿನಿಯಮ್. ಅದರ ಸದ್ದು ಸಣ್ಣದು, ಕಿವಿಗೆ ಚುಚ್ತದ.

ಟಿಂಗ್ ಘಂಟಿಯಾಗ ಕೆಡೋದು ಒಂದೇ ಜಾಗ, ಸುತ್ತಿಗಿ. ಸುಮ್ನ ಇದ್ದಾಗ ಸುತ್ತಿಗಿಗೂ ಬಟ್ಟಲಕ್ಕೂ ನಡುವ ಒಂದು ರೂಪಾಯಿ ಬಿಲ್ಲಿ ತೂರುವಷ್ಟು ಸಂದು ಇರ್ಬೇಕು. ಅದಕ್ಕಿಂತ ಕಮ್ಮಿ ಇದ್ರ ಬಡದ ಮ್ಯಾಲ ಸುತ್ತಿಗಿ ಬಟ್ಟಲಕ್ಕೇ ಆನಿ ಸದ್ದು ಒತ್ತಿ ಹಿಡೀತದ. ಹೆಚ್ಚಿದ್ರ ಬೆರಳಿಗೆ ಕಸರತ್ತು. ಸಂದು ಸರಿ ಮಾಡ್ಬೇಕಂದ್ರ ಪಕ್ಕಡ್ ತಗೊಂಡು ಸ್ಪ್ರಿಂಗ್ ಪಟ್ಟಿ ಬುಡಕ್ಕ ಹಿಡಿದು ಕೂದಲೆಳಿಯಷ್ಟು ಬಾಗಿಸ್ರಿ. ನಡುವ ಹಿಡಿದು ಬಾಗಿಸಿದ್ರ ಅಲ್ಲೇ ಮಡಿಕಿ ಬಿದ್ದು ಮುಂದೊಂದಿನ ತುಂಡಾಗ್ತದ.

ಕೂಡಿಸೋ ಜಾಗ. ನಿಮ್ಮ 31.8 ನಡುಮಧ್ಯ ಹಾಕಿದ್ರ ನೋಡ್ಲಿಕ್ಕೆ ಛಂದ, ಆದ್ರ ಘಂಟಿ ಬಡೀಲಿಕ್ಕೆ ಪ್ರತಿ ಸಲ ಕೈ ಬಿಡ್ಬೇಕಾಗ್ತದ. ಘಂಟಿ ಬಡೆಯೋ ಹೊತ್ತೇ ಬ್ರೇಕ್ ಬೇಕಾಗೋ ಹೊತ್ತು, ಮರೀಬ್ಯಾಡ್ರಿ. ಅದಕ್ಕ 22.2 ಕಡಿನೇ ಹಾಕ್ರಿ. ಬ್ರೇಕ್, ಶಿಫ್ಟರ್ ಎರಡರ ಅಲನ್ ಬೋಲ್ಟ್ ಸಡಲ ಮಾಡಿ (4 ಇಲ್ಲಾ 5 ನಂಬರ್ ಕೀಲಿ ಹತ್ತದ) ಎರಡನ್ನೂ ಘಂಟಿ ಪಟ್ಟಿ ಅಗಲದಷ್ಟು, ಒಂದು–ಒಂದೂವರಿ ಸೆಂಟಿಮೀಟರ್ ಒಳಕ್ಕ ಸರಿಸ್ರಿ. ಹಿಡಿಗೂ ಬ್ರೇಕಿಗೂ ನಡುವ ಆದ ಸಂದ್ಯಾಗ ಘಂಟಿ ಪಟ್ಟಿ ಕೂಡಿಸ್ರಿ. ಎರಡು ಬೆರಳು ಬ್ರೇಕ್ ಮ್ಯಾಲ ಇದ್ದಂಗೇ ಹೆಬ್ಬೆರಳು ಸುತ್ತಿಗಿಗೆ ಮುಟ್ಬೇಕು. ಆಮ್ಯಾಲ ಹ್ಯಾಂಡಲ್ ಪೂರಾ ಎಡಕ್ಕ, ಪೂರಾ ಬಲಕ್ಕ ಹೊಳ್ಳಿಸಿ ನೋಡ್ರಿ. ಬ್ರೇಕ್ ವೈರು ಬಟ್ಟಲಕ್ಕ ಬಂದು ತಾಗಿದ್ರ ಎಷ್ಟು ತುಟ್ಟಿ ಘಂಟಿ ಇದ್ರೂ 'ಠಕ್' ಅಂತದ. ಘಂಟಿ ಕೆಟ್ಟದ ಅಂತ ತರೋದ್ರಾಗ ಎಷ್ಟೋ ಇದೇ ಕೇಸು.


ಭೀಮಾತೀರ:

ಪಾನಾ ಅವರ ಮಾತಿಗೆ ಅರ್ಧ ಒಪ್ಪಿಗೆ. ಜಾಗದ ವಿಷಯ ಸರಿ. ಆದರೆ ಹಿತ್ತಾಳೆಯೋ ಕಬ್ಬಿಣವೋ ಅನ್ನುವುದಕ್ಕಿಂತ ಮೊದಲು ಬಟ್ಟಲಿನ ಅಳತೆ ನೋಡಬೇಕು. ನಿಮ್ಮ ದಾರಿಯಲ್ಲಿ ನಡೆಯುವವರು ಅರವತ್ತು ದಾಟಿದವರು ಅಂದಿರಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು. ಮಾತು ಚೆನ್ನಾಗಿ ಕೇಳುವವರಿಗೂ ಸಣ್ಣ ಘಂಟೆ ಕೇಳದಿರಬಹುದು. ಒಂದೇ ಆಕಾರದ ಬಟ್ಟಲನ್ನು ಎಲ್ಲ ಅಳತೆಯಲ್ಲೂ ಇಮ್ಮಡಿ ಮಾಡಿದರೆ ಸ್ವರ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ 35–40 ಮಿ.ಮೀ.ನ ಮುದ್ದು ಘಂಟೆ ಹಿತ್ತಾಳೆಯದ್ದಾದರೂ ನಿಮಗೆ ಬೇಡ. 55–60 ಮಿ.ಮೀ. ಇರಲಿ. ಜಾಗ ಸಿಕ್ಕರೆ 80 ಮಿ.ಮೀ.ನ 'ಡಿಂಗ್ ಡಾಂಗ್' ಇನ್ನೂ ಒಳ್ಳೆಯದು: ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು. ಆದರೆ ಗೇರ್ ವೈರುಗಳ ನಡುವೆ ಅದನ್ನು ಕೂರಿಸುವುದು ಕಷ್ಟ.

ಟ್ರಿಣ್ ಟ್ರಿಣ್ ಘಂಟೆಯನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಅದು ಸೈಕಲ್ ಅಂತ ನಮ್ಮ ಊರುಗಳಲ್ಲಿ ಹೇಳಿಕೊಡಬೇಕಾಗಿಲ್ಲ. 'ಟಿಂಗ್' ಅನ್ನು ಎಷ್ಟೋ ಜನ ಫೋನಿನ ಮೆಸೇಜ್ ಅಂದುಕೊಂಡು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಮಾತಿನಲ್ಲಿ ಮುಳುಗಿದ ಗುಂಪಿಗೆ ಒಂದು ಟಿಂಗ್ ಸಾಲದು, ಟ್ರಿಣ್ ಟ್ರಿಣ್ ಮಾತನ್ನು ಕತ್ತರಿಸಿಕೊಂಡು ಹೋಗುತ್ತದೆ.

ಅದು ಕೆಡುವುದು ಜಾಸ್ತಿ ಅನ್ನುವುದು ನಿಜ, ಏಕೆಂದರೆ ಒಳಗೆ ಯಂತ್ರವಿದೆ. ಬಟ್ಟಲನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ ತೆಗೆಯಿರಿ, ಕೆಲವದರಲ್ಲಿ ಮೇಲೆ ನಟ್ ಇರುತ್ತದೆ. ಒಳಗೆ ಹೆಬ್ಬೆರಳ ಕಡ್ಡಿಗೆ ಅಂಟಿದ ಹಲ್ಲಿನ ತುಂಡು, ಅದು ತಿರುಗಿಸುವ ಪುಟ್ಟ ಚಕ್ರ, ಅದರ ಮೇಲೆ ಅಡ್ಡಪಟ್ಟಿ, ಪಟ್ಟಿಯ ಎರಡು ತುದಿಗೆ ಸಡಿಲವಾಗಿ ಕೂತ ಎರಡು ಬಿಲ್ಲೆ. ಕಡ್ಡಿ ಒತ್ತಿದಾಗ ಪಟ್ಟಿ ಗಿರ್ರನೆ ತಿರುಗಿ ಬಿಲ್ಲೆಗಳು ಹೊರಕ್ಕೆ ಚಿಮ್ಮಿ ಬಟ್ಟಲಿನ ಒಳಗಿನ ಉಬ್ಬುಗಳಿಗೆ ಬಡಿಯುತ್ತವೆ. ಆ ಬಿಲ್ಲೆಗಳು ಬೆರಳಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಹಳೆಯ ಗ್ರೀಸಿಗೆ ಧೂಳು ಕೂತು ಅವು ಅಂಟಿಕೊಂಡಿದ್ದರೆ ಘಂಟೆ 'ಕರ್ರ್' ಅನ್ನುತ್ತದೆ, ಮೊಳಗುವುದಿಲ್ಲ. ಕಡ್ಡಿ ಒತ್ತಿದ ಮೇಲೆ ವಾಪಸು ಬಾರದಿದ್ದರೆ ಸ್ಪ್ರಿಂಗಿನ ಬಾಲ ಕೊಕ್ಕೆಯಿಂದ ಜಾರಿದೆ ಎಂದೇ ಲೆಕ್ಕ.

ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಹಳೇ ಬ್ರಷ್ ಅದ್ದಿ ತಿಕ್ಕಿ, ಒರೆಸಿ, ಒಣಗಿಸಿ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಚಕ್ರದ ಅಚ್ಚಿಗೆ ಒಂದು ಹನಿ, ಕಡ್ಡಿಯ ಅಚ್ಚಿಗೆ ಒಂದು ಹನಿ, ಸಾಕು. ಬಿಲ್ಲೆಗಳಿಗೆ ಬೇಡ. ಗ್ರೀಸ್ ಬೇಡವೇ ಬೇಡ, ನಮ್ಮ ಧೂಳು ಸೇರಿ ಸಾಣೆಪುಡಿ ಆಗುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟಿ ಘಂಟೆಯ ಬಾಯಿ ಕಟ್ಟುತ್ತದೆ.

ಇನ್ನು ಯಾವಾಗ ಬಾರಿಸಬೇಕು. ನೀವು ಗಂಟೆಗೆ 15 ಕಿ.ಮೀ., ಮುಂದಿನವರು ಅದೇ ದಿಕ್ಕಿಗೆ 5 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್‌ನಂತೆ ಅವರನ್ನು ಸಮೀಪಿಸುತ್ತೀರಿ. 25 ಮೀಟರ್ ದೂರದಿಂದ ಬಾರಿಸಿದರೆ ಒಂಬತ್ತು ಸೆಕೆಂಡ್ ಸಿಗುತ್ತದೆ: ಕೇಳಿ, ತಿರುಗಿ, ಪಕ್ಕದವರಿಗೆ ಹೇಳಿ, ಸರಿಯಲು ಸಾಕು. 8 ಮೀಟರ್‌ನಲ್ಲಿ ಬಾರಿಸಿದರೆ ಮೂರು ಸೆಕೆಂಡೂ ಇಲ್ಲ. ಆಗಲೇ ಗುಂಪು ಎರಡಾಗಿ ಸೀಳಿ, ಇಬ್ಬರು ಎಡಕ್ಕೆ ಇಬ್ಬರು ಬಲಕ್ಕೆ ಓಡಿ, ಕೊನೆಗೊಬ್ಬರು ಮನಸ್ಸು ಬದಲಿಸಿ ವಾಪಸು ಬರುವುದು. 25 ಮೀಟರ್ ಅಂದರೆ ಬೀದಿದೀಪದ ಒಂದು ಕಂಬದಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ ಇರುವ ದೂರ. ಮೊದಲ ಸಲ ಅಲ್ಲಿಂದ. ತಲೆ ತಿರುಗದಿದ್ದರೆ ಹತ್ತು ಮೀಟರ್‌ನಲ್ಲಿ ಇನ್ನೊಮ್ಮೆ, ಅಷ್ಟರಲ್ಲಿ ಕಾಲು ನಿಧಾನವಾಗಿರಬೇಕು. ಇಯರ್‌ಫೋನ್ ಹಾಕಿದವರ ವಿಷಯದಲ್ಲಿ ಯಾವ ಘಂಟೆಯನ್ನೂ ನಂಬಬೇಡಿ, ನಡಿಗೆಯ ವೇಗಕ್ಕೆ ಇಳಿದು ಒಂದು ಮಾರು ಜಾಗ ಬಿಟ್ಟು ದಾಟಿ.


ಬೀದರ್_ಬುರುಜು:

ಟ್ರಿಣ್ ಟ್ರಿಣ್ ಕೇಳಿದ ಕೂಡ್ಲೆ ಮಂದಿ 'ಸರಿ ಬಾಜೂ' ಅಂತ ಬೈದಂಗ ತಿಳ್ಕೋತಾರ ಭೀಮಾತೀರ ಅವ್ರೇ, ಅದು ಭೀ ಲೆಕ್ಕಕ್ಕ ಹಿಡೀರಿ. ಒಂದು ಟಿಂಗ್ ಬಡ್ದು 'ಯಪ್ಪಾ, ಬಲಕ್ಕ ಬರ್ಲತ್ತೀನ್ರಿ' ಅಂದ್ರ ಕೆಲಸ ಮುಗೀತು. ದಾಟೋ ಬಾಜೂ ಬಾಯಿಲೆ ಹೇಳ್ಬೇಕು, ಘಂಟಿಗಿ ಎಡ ಬಲ ಗೊತ್ತಿಲ್ಲ.

ನಾ ಹೇಳೋದು ಫರಸಿ ಹಾದಿ ವಿಷಯ. ನಮ್ಮ ಕಡಿ ಹಾದಿಗಿ ಶಹಾಬಾದ್ ಫರಸಿ ಹಾಸೋದೇ ಹೆಚ್ಚು. ಕಲ್ಲಿನ ಸಂದು ದಾಟುವಾಗೆಲ್ಲ ಟಿಂಗ್ ಘಂಟಿ ತಂತಾನೇ ಬಡ್ಕೋತದ. ಸುತ್ತಿಗಿ ಮ್ಯಾಲ ಕೆಳಗ ಕುಣಿಯೋ ಹಂಗ ಘಂಟಿ ಕೂಡಿಸಿದ್ರ ಹಿಂಗಾಗ್ತದ. ಪಟ್ಟಿ ಸಡಲ ಮಾಡಿ ಘಂಟಿನ ಕಾಲು ಸುತ್ತು ಹೊಳ್ಳಿಸ್ರಿ, ಸುತ್ತಿಗಿ ಅಡ್ಡಡ್ಡ ಬಡೆಯೋ ಹಂಗ. ಗುಂಡಿಯ ಹೊಡ್ತ ಮ್ಯಾಲ ಕೆಳಗ ಬರ್ತದ, ಅಡ್ಡ ಬರಂಗಿಲ್ಲ, ಸುಮ್ನಾಗ್ತದ. ಹಾದಿ ತುಂಬ ತಾನೇ ಕುಲುಕಿ ಬಡ್ಕೊಳ್ಳೋ ಥರದ ಘಂಟಿ ಭೀ ಸಿಗ್ತಾವ, ಆನ್‌ಲೈನ್‌ದಾಗ. ಕಾಡಿನ ಹಾದಿಗಿ ಛಲೋ. ಫರಸಿ ಮ್ಯಾಲ ಅದನ್ನ ಹಾಕಿದ್ರ ಎತ್ತಿನ ಬಂಡಿ ಬಂದಂಗ.

ಸದ್ದಿನ ಜೋಡಿ 'ಜರ್ರ್' ಅಂತ ಬಂದ್ರ ಬಟ್ಟಲದ ನಟ್ ಸಡಲಾಗ್ಯದ. ಬಿಗಿ ಮಾಡೋ ಮೊದಲು ಚೂಡಿಗಿ ಒಂದು ಹನಿ ನೇಲ್ ಪಾಲಿಶ್ ಹಚ್ರಿ, ಮತ್ತ ಸಡಲಾಗಂಗಿಲ್ಲ, ಬೇಕಂದಾಗ ಪಾನಾಕ್ಕ ಬಿಚ್ತದ. ಬಟ್ಟಲದ ಕೆಳಗ ಇರೋ ಪ್ಲಾಸ್ಟಿಕ್ ವಾಷರ್ ಕಳೀಬ್ಯಾಡ್ರಿ. ಅದಿಲ್ಲದೆ ಬಟ್ಟಲ ನೇರ ಬುಡಕ್ಕ ಕೂತ್ರ ಅರ್ಧ ಸದ್ದು ಹ್ಯಾಂಡಲ್ ನುಂಗ್ತದ.

ಹಿತ್ತಾಳಿ ಕಪ್ಪಾದ್ರ ಆಗ್ಲಿ ಬಿಡ್ರಿ, ಸದ್ದಿಗಿ ಏನೂ ಆಗಂಗಿಲ್ಲ. ಹೊಳೀಲೇಬೇಕು ಅಂದ್ರ ಬಟ್ಟಲ ಬಿಚ್ಚಿ ಹುಣಸಿಹಣ್ಣಿನಾಗ ತಿಕ್ರಿ. ಹಂಗೇ ಸೈಕಲ್ ಮ್ಯಾಲ ತಿಕ್ಕಿದ್ರ ಹುಳಿ ಒಳಗ ಇಳ್ದು ಸ್ಪ್ರಿಂಗ್ ತುಕ್ಕು ಹಿಡೀತದ. ಘಂಟಿ ಹ್ಯಾಂಡಲ್ ಕೆಳಗ ತಲಿಕೆಳಗ ಕೂಡಿಸೋರು ಅವ್ರ, ಮಳಿಗಾಲಕ್ಕ ಆ ಬಟ್ಟಲ ಬಾಯಿ ಮ್ಯಾಲಾಗಿ ನೀರು, ಕೆಸರು ತುಂಬಿ ನಿಂದರ್ತದ.

ಒಂದು ಮಾತು, ಪ್ರತಿ ಸಲ ಯಾರರ ಕೇಳ್ತಾರ: ಬಿದರಿ ಕೆಲಸದ ಬಟ್ಟಲ ಘಂಟಿಗಿ ಹಾಕ್ಬಹುದಾ ಅಂತ. ನೋಡ್ಲಿಕ್ಕೆ ಭಾಳ ಛಂದ ಆಗ್ತದ, ಖರೇ. ಆದ್ರ ಬಿದರಿ ಅಂದ್ರ ಬಹುಪಾಲು ಸತುವು, ತಾಮ್ರ ಹೆಸರಿಗಿ ಜರಾ. ಸತುವು ಬಡದ್ರ 'ಥಪ್' ಅಂತದ. ಅದು ಷೋಕೇಸಿಗೇ ಸರಿ.


ಸೇಡಂರೋಡ್_ಸವಾರ:

ಭಾಳ ಉಪಕಾರ ಆಯ್ತ್ರಿ. 60 ಮಿ.ಮೀ. ಹಿತ್ತಾಳಿ ಟಿಂಗ್ ಸಿಗ್ಲತ್ತದ, ಅಯಸ್ಕಾಂತ ಹಿಡೀಲಿಲ್ಲ, ಐದು ಎಣಿಸೋ ತನಕ ಸದ್ದು ನಿಂತ್ತು. ಆದ್ರ ಅದರ ಪಟ್ಟಿ 25.4 ಹ್ಯಾಂಡಲಿಂದು. ನನ್ನ 22.2ಕ್ಕ ಹಾಕಿದ್ರ ಗಿರ್ರ್ ಅಂತ ತಿರುಗ್ತದ. ತಗೊಳ್ಳೋದಾ, ಬಿಡೋದಾ?


ಪಾನಾ_ಪಕ್ಕಡ್:

ತಗೊಳ್ರಿ. ಫರಕು 3.2 ಮಿ.ಮೀ., ಅಂದ್ರ ಸುತ್ತಲೂ 1.6 ತುಂಬ್ಬೇಕು. ಹಳೇ ಸೈಕಲ್ ಟ್ಯೂಬ್ ಒಂದು ಮಿ.ಮೀ. ಆಜೂಬಾಜೂ ಇರ್ತದ. ಪಟ್ಟಿ ಅಗಲದಷ್ಟೇ ಅಗಲ, ಹದಿನಾರು ಸೆಂಟಿಮೀಟರ್ ಉದ್ದ ಕೊಯ್ದು, ಎಳದು ಬಿಗಿಯಾಗಿ ಎರಡು ಸುತ್ತು ಸುತ್ರಿ, ಹೆಚ್ಚಾದದ್ದು ಕತ್ತರಿಸ್ರಿ. ಸುತ್ತೋ ಮೊದಲು ಟ್ಯೂಬಿನ ಒಳಗಿನ ಬಿಳಿ ಪುಡಿ ತೊಳೀರಿ, ಇಲ್ಲಾಂದ್ರ ಅದೇ ಜಾರ್ತದ. ಸುತ್ತಿನ ತುದಿ ಸ್ಕ್ರೂ ಕಡಿ ಬರಬಾರದು, ಎದುರು ಬಾಜೂ ಇರ್ಲಿ. ಕಾಗದ, ಬಟ್ಟಿ, ಇನ್ಸುಲೇಷನ್ ಟೇಪ್ ಹಾಕಬ್ಯಾಡ್ರಿ. ಟೇಪಿನ ಅಂಟು ಏಪ್ರಿಲ್ ಬಿಸಿಲಿಗೆ ಕರಗಿ ಘಂಟಿ ತಾನೇ ಕೆಳಗ ಜೋಲ್ತದ.

ಸ್ಕ್ರೂ ಪೂರಾ ಜಗ್ಗಿ ಬಿಗೀಬ್ಯಾಡ್ರಿ. ಬೆರಳಿಲೆ ಒತ್ತಿದ್ರ ಅಲ್ಲಾಡಬಾರದು, ಅಂಗೈಲೆ ಜೋರು ತಳ್ಳಿದ್ರ ಜರಾ ತಿರುಗ್ಬೇಕು. ಅಷ್ಟಿದ್ರ ಸೈಕಲ್ ಬಿದ್ದಾಗ ಘಂಟಿ ತಿರುಗಿ ಉಳೀತದ, ಪಟ್ಟಿ ಮುರಿಯಂಗಿಲ್ಲ. ಎರಡು ದಿನ ಓಡ್ಸಿದ ಮ್ಯಾಲ ರಬ್ಬರ್ ಅಮುಕಿ ಸಡಲಾಗ್ತದ, ಆವಾಗ ಮತ್ತ ಅರ್ಧ ಸುತ್ತು ಬಿಗೀರಿ.