ಪಿಕ್ಸಾರ್ ಸಿನಿಮಾ ಅಂದ್ರೆ ಈಗ ಜನ ಯಾಕೆ ಟಾಕೀಸಿಗೆ ಹೋಗುತ್ತಿಲ್ಲ?

ಗಾಂಧಿನಗರದ ಅಮ್ಮ, ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ನಾನು ಟಾಯ್ ಸ್ಟೋರಿ, ಫೈಂಡಿಂಗ್ ನೀಮೋ ಎಲ್ಲ ಬಾಡಿಗೆ ಸಿ.ಡಿ. ತಂದು ನೋಡಿದವಳು. ಅವನ್ನ ಮಾಡಿದ ಅಮೆರಿಕದ ಅನಿಮೇಷನ್ ಕಂಪನಿ ಪಿಕ್ಸಾರ್ ಹೆಸರಿದ್ದರೆ ಸಾಕು, ಕಥೆ ಏನು ಅಂತಲೂ ಕೇಳುತ್ತಿರಲಿಲ್ಲ. ಈಗ ನೋಡಿದರೆ 2022ರ ಲೈಟ್‌ಇಯರ್ ಮಲಗಿತು. 2025ರ ಎಲಿಯೋಗೆ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಬಂದದ್ದು ಸುಮಾರು 2 ಕೋಟಿ ಡಾಲರ್, ಆ ಕಂಪನಿಗೆ ಇಷ್ಟು ಕಡಿಮೆ ಓಪನಿಂಗ್ ಹಿಂದೆಂದೂ ಬಂದಿರಲಿಲ್ಲವಂತೆ. ಆದರೆ ಇವೆರಡರ ನಡುವೆ 2024ರಲ್ಲಿ ಇನ್‌ಸೈಡ್ ಔಟ್ 2 ಬಂದು 160 ಕೋಟಿ ಡಾಲರ್‌ಗೂ ಜಾಸ್ತಿ ಬಾಚಿಕೊಂಡು ಹೋಯಿತು. ಅಂದ್ರೆ ಜನ ಬರೋದೇ ಇಲ್ಲ ಅನ್ನೋ ಹಾಗೂ ಇಲ್ಲ. ಎಲಿಯೋ ನಮ್ಮ ಮನೇಲಿ ಎಲ್ಲರೂ ಕೂತು ನೋಡಿದ್ವಿ, ಚೆನ್ನಾಗಿಯೇ ಇದೆ. ಆದರೆ ನೋಡಿದ್ದು ಮನೆ ಟೀವಿಯಲ್ಲಿ! ಟಾಕೀಸಿಗೆ ಹೋಗಬೇಕು ಅಂತ ಒಬ್ಬರಿಗೂ ಅನಿಸಲಿಲ್ಲ. ಯಾಕೆ ಹೀಗೆ? ತಿಳಿದವರು ಹೇಳಿ.

ಸಿರುಗುಪ್ಪ ಹುಡುಗ:

ಅಕ್ಕಾ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, "ಮನೆ ಟೀವಿಯಲ್ಲಿ" ಅಂದ್ರಲ್ಲ. ನಾನು ಬೆಂಗಳೂರಲ್ಲಿ ಅನಿಮೇಷನ್ ಕೆಲಸದಲ್ಲಿದ್ದೇನೆ, ಲೈಟಿಂಗ್ ವಿಭಾಗ. ನಮ್ಮಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ. ಕೊರೋನಾ ಸಮಯದಲ್ಲಿ ಸೋಲ್, ಲೂಕಾ, ಟರ್ನಿಂಗ್ ರೆಡ್ ಮೂರನ್ನೂ ಪಿಕ್ಸಾರ್‌ನ ಒಡೆಯರಾದ ಡಿಸ್ನಿಯವರು ತಮ್ಮ ಆ್ಯಪ್‌ಗೇ ಹಾಕಿದರು. ಮೊದಲನೆಯದಕ್ಕೆ ಒಪ್ಪೋಣ, ಆಗ ಟಾಕೀಸೇ ಮುಚ್ಚಿದ್ದವು. ಆದರೆ ಟರ್ನಿಂಗ್ ರೆಡ್ ಬಂದದ್ದು 2022ರ ಮಾರ್ಚ್‌ನಲ್ಲಿ, ಅಷ್ಟು ಹೊತ್ತಿಗೆ ಸ್ಪೈಡರ್‌ಮ್ಯಾನ್ ನೋಡೋಕೆ ಜನ ಆಗಲೇ ಮುಗಿಬಿದ್ದು ಬಂದಾಗಿತ್ತು. ಒಳ್ಳೆ ಸಿನಿಮಾನ ಮನೆಗೇ ತಂದುಕೊಟ್ಟು, ನಾಲ್ಕು ಜನರ ಟಿಕೆಟ್ಟು, ಪಾಪ್‌ಕಾರ್ನು, ಗಾಡಿ ಖರ್ಚು ಎಲ್ಲ ಉಳಿಸಿಕೊಟ್ಟು, ಆಮೇಲೆ "ಈಗ ಹೊರಗೆ ಬನ್ನಿ" ಅಂದ್ರೆ ಯಾವ ಅಪ್ಪ ಅಮ್ಮ ಬರ್ತಾರೆ? ಎರಡು ಮೂರು ತಿಂಗಳು ಕಾದರೆ ಮನೆಗೇ ಬರುತ್ತೆ ಅನ್ನೋದು ರೂಢಿಯಾಗಿಬಿಟ್ಟಿದೆ. ಈ ರೂಢಿ ಮಾಡಿಸಿದ್ದು ಅವರೇ.

ಇನ್ನೊಂದು ಖರ್ಚು. ಲೈಟ್‌ಇಯರ್‌ಗೆ ಹಾಕಿದ್ದು ಸುಮಾರು 20 ಕೋಟಿ ಡಾಲರ್, ಪ್ರಪಂಚ ಪೂರ್ತಿ ಸೇರಿ ಬಂದದ್ದು 22 ಕೋಟಿ ಚಿಲ್ಲರೆ. ಲಾಭ ಬಂತಲ್ಲ ಅನ್ನಬೇಡಿ. ಬಂದ ದುಡ್ಡಲ್ಲಿ ಹತ್ತಿರ ಹತ್ತಿರ ಅರ್ಧ ಟಾಕೀಸಿನವರ ಪಾಲು, ಪ್ರಚಾರದ ಖರ್ಚು ಬೇರೆ. ಅದೇ ಸೂಪರ್ ಮಾರಿಯೋ ಸಿನಿಮಾನ ಇಲ್ಯುಮಿನೇಷನ್ ಅನ್ನೋ ಇನ್ನೊಂದು ಅನಿಮೇಷನ್ ಕಂಪನಿಯವರು ಸುಮಾರು 10 ಕೋಟಿಯಲ್ಲಿ ಮುಗಿಸಿದರು, 130 ಕೋಟಿ ದಾಟಿತು. ಪಿಕ್ಸಾರ್‌ನವರು ಕ್ಯಾಲಿಫೋರ್ನಿಯಾದಲ್ಲೇ ಕೂತು ವರ್ಷಗಟ್ಟಲೆ ತಿದ್ದುತ್ತಾರೆ. ಎಲಿಯೋಗೆ ಮಧ್ಯದಲ್ಲಿ ನಿರ್ದೇಶಕರೇ ಬದಲಾದರು, ರಿಲೀಸ್ 2024ರಿಂದ 2025ಕ್ಕೆ ಹೋಯಿತು. ಹೀಗಾದರೆ ಸುಮಾರಾಗಿ ಓಡಿದ ಸಿನಿಮಾನೂ ಲೆಕ್ಕದ ಪುಸ್ತಕದಲ್ಲಿ ಫ್ಲಾಪೇ. 2024ರಲ್ಲಿ ಅವರು ಸುಮಾರು 14% ಜನರನ್ನ ಕೆಲಸದಿಂದ ತೆಗೆದರು. ಒಳ್ಳೊಳ್ಳೆ ಕೈಗಳು ಹೋದವು, ಆ ಸುದ್ದಿ ಓದಿದ ದಿನ ನಮ್ಮ ಆಫೀಸಲ್ಲೂ ಯಾರ ಮುಖದಲ್ಲೂ ಕಳೆ ಇರಲಿಲ್ಲ.

ರಾಯಚೂರು ಮೇಷ್ಟ್ರು:

ತಮ್ಮಾ, ಆ್ಯಪ್ ಮೇಲೆ ಪೂರ್ತಿ ಗೂಬೆ ಕೂರಿಸಬೇಡ. ಇನ್‌ಸೈಡ್ ಔಟ್ 2 ಕೂಡ ಆ್ಯಪ್‌ಗೆ ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಹೋದರಲ್ಲ? ನನ್ನ ಪ್ರಕಾರ ತೊಂದರೆ ಇರೋದು ಕಥೆಯನ್ನ ಒಂದೇ ಮಾತಲ್ಲಿ ಹೇಳೋಕೆ ಆಗದೇ ಇರೋದ್ರಲ್ಲಿ. "ಮಗ ಕಳೆದುಹೋದ, ಅಪ್ಪ ಮೀನು ಹುಡುಕಿಕೊಂಡು ಹೊರಟಿತು." ಆಯ್ತು, ನೀಮೋ ಕಥೆ ನಮ್ಮ ಅಜ್ಜಿಗೂ ಅರ್ಥವಾಯ್ತು. ಲೈಟ್‌ಇಯರ್ ಹೇಳಿ ನೋಡೋಣ. ಟಾಯ್ ಸ್ಟೋರಿಯಲ್ಲಿ ಬರೋ ಗಗನಯಾತ್ರಿ ಆಟಿಕೆ ಬಜ್ ಅಲ್ಲ, ಆ ಆಟಿಕೆ ಯಾವ ಸಿನಿಮಾದಿಂದ ಬಂತೋ ಆ ಸಿನಿಮಾ ಇದು, ಟಾಯ್ ಸ್ಟೋರಿಯ ಹುಡುಗ ಚಿಕ್ಕವನಿದ್ದಾಗ ನೋಡಿದ್ದಂತೆ, ಧ್ವನಿಯೂ ಮೊದಲಿನವರದ್ದಲ್ಲ. ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿದೆ, ಎಲ್ಲರೂ ಪಿಳಿಪಿಳಿ ಕಣ್ಣು ಬಿಟ್ಟರು.

ಎಲಿಮೆಂಟಲ್ ನೋಡಿ. 2023ರಲ್ಲಿ ಮೊದಲ ವಾರ ಎಲ್ಲರೂ ಅದನ್ನ ಮುಗಿಸಿಯೇಬಿಟ್ಟಿದ್ದರು, ತೋಪು ಅಂತ ಬರೆದರು. ಆಮೇಲೆ ನೋಡಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ ಕೊನೆಗೆ 49 ಕೋಟಿ ಡಾಲರ್ ಮುಟ್ಟಿತು, ಕೊರಿಯಾದಲ್ಲಂತೂ ಜೋರಾಗಿ ಓಡಿತು. ಬೆಂಕಿ ಹುಡುಗಿ, ನೀರು ಹುಡುಗ ಅಂತ ಪೋಸ್ಟರ್ ಹಾಕಿದ್ದರು. ಒಳಗಿದ್ದದ್ದು ಬೇರೆ ಊರಿಗೆ ಬಂದು ಅಂಗಡಿ ಇಟ್ಟ ಅಪ್ಪ, ಆ ಅಂಗಡಿ ಬೇಡ ಅಂತ ಹೇಳೋಕೆ ಧೈರ್ಯ ಸಾಲದ ಮಗಳು. ನಿರ್ದೇಶಕರ ಅಪ್ಪ ಅಮ್ಮನೇ ಕೊರಿಯಾದಿಂದ ನ್ಯೂಯಾರ್ಕ್‌ಗೆ ಹೋಗಿ ದಿನಸಿ ಅಂಗಡಿ ನಡೆಸಿದವರು. ಇದನ್ನ ಮೊದಲೇ ಹೇಳಿದ್ದರೆ ನಮ್ಮ ರಾಯಚೂರಿನ ಅರ್ಧ ಬಜಾರು ಹೋಗಿ ನೋಡುತ್ತಿತ್ತು. ಸುಮ್ನೆ ಬಣ್ಣ ಬಣ್ಣದ ಗುಳ್ಳೆ ತೋರಿಸಿದರು.

ಕೌಲ್‌ಬಜಾರ್ ಮಿರ್ಚಿ:

ನೀವಿಬ್ಬರೂ ಅಮೆರಿಕದ ಲೆಕ್ಕ ಹೇಳಿದ್ರಿ, ನಾನು ಬಳ್ಳಾರಿ ಲೆಕ್ಕ ಹೇಳ್ತೀನಿ. ಕೆಲವು ವರ್ಷ ಇಲ್ಲೇ ಒಂದು ಟಾಕೀಸಿನ ಕೌಂಟರಲ್ಲಿ ಕೂತಿದ್ದೆ. ಇಂಥ ಸಿನಿಮಾ ನಮ್ಮೂರಿಗೆ ಬರೋದೇ ಅಪರೂಪ, ಬಂದರೆ ಬೆಳಗಿನ ಒಂದು ಆಟ, ಅದೂ ಇಂಗ್ಲಿಷಲ್ಲಿ. ಹತ್ತು ಟಿಕೆಟ್ ಆಗದಿದ್ದರೆ ಎ.ಸಿ. ಹಾಕೋಕೂ ಮ್ಯಾನೇಜರ್ ಹಿಂದೆ ಮುಂದೆ ನೋಡ್ತಿದ್ದರು. ಏಪ್ರಿಲ್ ಬಳ್ಳಾರಿಯಲ್ಲಿ ಎ.ಸಿ. ಇಲ್ಲದೆ ಕೂರೋರು ಯಾರು? ಸೋಮವಾರ ತೆಲುಗು ಸಿನಿಮಾ ಆ ಜಾಗಕ್ಕೆ ಬಂದುಬಿಡುತ್ತೆ. ಮೇಷ್ಟ್ರು ಹೇಳಿದ ಬಾಯಿಂದ ಬಾಯಿಗೆ ಅನ್ನೋದು ನಡೆಯಬೇಕಾದರೆ ಸಿನಿಮಾ ಎರಡು ವಾರವಾದರೂ ಊರಲ್ಲಿ ಇರಬೇಕಲ್ವಾ.

ಮನೇಲಿ ಮಕ್ಕಳು ಚಿಂಟು ಟೀವಿಯಲ್ಲಿ ಕನ್ನಡ ಕಾರ್ಟೂನ್ ನೋಡ್ತಾರೆ, ಟಾಕೀಸಿಗೆ ಹೋದರೆ ಅಪ್ಪ ಪಕ್ಕದಲ್ಲಿ ಕೂತು ಪಿಸುಪಿಸು ಅಂತ ಅರ್ಥ ಹೇಳಬೇಕು, ಹಿಂದಿನವರು ಶ್ ಅಂತಾರೆ. 2025ರ ಜುಲೈನಲ್ಲಿ ಮಹಾವತಾರ್ ನರಸಿಂಹ ಬಂತಲ್ಲ, ಅದೂ ಅನಿಮೇಷನ್ನೇ. ಕನ್ನಡ, ತೆಲುಗು ಎರಡರಲ್ಲೂ ಇತ್ತು. ಗೊಂಬೆಗಳ ನಡೆ ಅಲ್ಲಲ್ಲಿ ಬಿಗಿ ಬಿಗಿ, ಪಿಕ್ಸಾರ್ ಮುಂದೆ ಏನೂ ಅಲ್ಲ, ಸಿರುಗುಪ್ಪ ತಮ್ಮ ಒಪ್ಪುತ್ತಾನೆ. ಆದರೆ ಕಂಬ ಒಡೆದ ಹೊತ್ತಿಗೆ ನನ್ನ ಮುಂದಿನ ಸಾಲಿನ ಅಜ್ಜಿ ಎದ್ದು ನಿಂತು ಕೈ ಮುಗಿದರು, ಅವರ ಹಿಂದೆ ಇಡೀ ಸಾಲು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಮೂರು ತಲೆಮಾರು ಒಟ್ಟಿಗೆ ಬಂದಿತ್ತು.

ಸಿರುಗುಪ್ಪ ಹುಡುಗ:

ಅಣ್ಣಾ ಒಪ್ಪಿದೆ, ನಡೆ ಬಿಗಿ ಇತ್ತು 😄 ಆದರೆ ನೀವು ಹೇಳಿದ್ದರಲ್ಲೇ ಒಂದು ತೊಡಕಿದೆ. ಗೊತ್ತಿರೋ ಕಥೆಗೇ ಜನ ಬರೋದು ಅಂದ್ರೆ ಹೊಸ ಕಥೆ ಮಾಡೋರು ಎಲ್ಲಿಗೆ ಹೋಗಬೇಕು? ಅಮೆರಿಕದಲ್ಲೂ ಅದೇ ಆಗಿದೆ. ಡಿಸ್ನಿ ಈಗ ಪಿಕ್ಸಾರ್ ಕೈಲಿ ಭಾಗ ಎರಡು, ಭಾಗ ಐದು ಅಂತ ಮಾಡಿಸುತ್ತಿದೆ. 2017ರ ಕೋಕೋ ಹೊಸ ಕಥೆಯೇ ಆಗಿತ್ತು, ಜನ ತಲೆ ಮೇಲೆ ಹೊತ್ತುಕೊಂಡರು. ಆಗ ಪಿಕ್ಸಾರ್ ಹೆಸರೇ ಗ್ಯಾರಂಟಿ. ಈಗ ಆ ಗ್ಯಾರಂಟಿ ಭಾಗ ಎರಡಕ್ಕೆ ಮಾತ್ರ ಸಿಗುತ್ತಿದೆ.

ಗಾಂಧಿನಗರದ ಅಮ್ಮ, ಬಳ್ಳಾರಿ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಮಾತು ನನಗೆ ಜಾಸ್ತಿ ಹಿಡಿಸಿತು. ಎಲಿಯೋ ಪೋಸ್ಟರ್ ನೋಡಿ ನನ್ನ ಮಗನೂ "ಇದು ಏನ್ ಕಥೆ ಮಮ್ಮಿ" ಅಂತಲೇ ಕೇಳಿದ್ದ, ನನಗೆ ಹೇಳೋಕೆ ಬರಲಿಲ್ಲ. ನೋಡಿದ ಮೇಲೆ ಗೊತ್ತಾಯಿತು, ಅಪ್ಪ ಅಮ್ಮ ಇಲ್ಲದ ಹುಡುಗ ಅತ್ತೆ ಮನೇಲಿ ಇದ್ದುಕೊಂಡು, ಬೇರೆ ಗ್ರಹದವರಾದರೂ ನನ್ನ ಕರ್ಕೊಂಡು ಹೋಗಲಿ ಅಂತ ಮರಳ ಮೇಲೆ ಮಲಗಿ ಕಾಯುತ್ತಾನೆ. ಇಷ್ಟು ಹೇಳಿದ್ದರೆ ಸಾಕಿತ್ತು, ನಾನೇ ಟಿಕೆಟ್ ತಗೊಳ್ತಿದ್ದೆ. ಟಾಯ್ ಸ್ಟೋರಿ 5 ಬಂದರೆ ಬಳ್ಳಾರಿಗೂ ಬರುತ್ತಾ?

ಕೌಲ್‌ಬಜಾರ್ ಮಿರ್ಚಿ:

ಬರಬಹುದು ಅಕ್ಕಾ, ಹಳೇ ಹೆಸರಲ್ವಾ. ಬಂದರೆ ಮೊದಲ ಭಾನುವಾರವೇ ಹೋಗಿಬಿಡಿ, ಸೋಮವಾರದ ಮಾತು ನಾನು ಹೇಳಲ್ಲ.