ಮಾವನವರ ಹೆಸರಲ್ಲಿರುವ ಮೀಟರ್‌ಗೆ ಸೋಲಾರ್ ಸಬ್ಸಿಡಿ ಸಿಗುತ್ತಾ?

ತಾರಸಿಮನೆ:
ಮೈಸೂರಲ್ಲಿ ನಮ್ಮದು 30 ವರ್ಷದ ಮನೆ. ತಾರಸಿ ಮೇಲೆ 3 ಕಿಲೋವ್ಯಾಟ್ ಹಾಕಿಸೋಣ ಅಂತಿದ್ದೀವಿ. ಕರೆಂಟ್ ಮೀಟರ್‌ನ ಆರ್‌ಆರ್ ನಂಬರ್ ಇನ್ನೂ ತೀರಿಹೋದ ಮಾವನವರ ಹೆಸರಲ್ಲೇ ಇದೆ. ಪ್ಯಾನೆಲ್ ಹಾಕೋನು "ಅದೆಲ್ಲ ನಡೆಯುತ್ತೆ ಮೇಡಂ" ಅಂದು ಅಡ್ವಾನ್ಸ್ ಕೇಳ್ತಿದ್ದಾನೆ. ಅವನು ನಮ್ಮ ನೀರಿನ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತೆ ಅಂತಲೂ ನೋಡಲಿಲ್ಲ. ಕೊಡ್ಲಾ?

ಬಿಸಿಲುಕುದುರೆ:
ಕೊಡಬೇಡಿ. ಮೊದಲು ಮೀಟರ್ ನಿಮ್ಮ ಹೆಸರಿಗೆ ಮಾಡಿಸಿ, ಆಮೇಲೆ ಕೇಂದ್ರದ ಸೋಲಾರ್ ಸಬ್ಸಿಡಿ ಯೋಜನೆ ಪಿಎಂ ಸೂರ್ಯ ಘರ್‌ನ ಪೋರ್ಟಲ್‌ನಲ್ಲಿ ಅರ್ಜಿ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ದುಡ್ಡು ನೆಟ್ ಮೀಟರ್ (ಬಂದ ಕರೆಂಟು, ನೀವು ವಾಪಸ್ ಕೊಟ್ಟ ಕರೆಂಟು ಎರಡನ್ನೂ ಅಳೆಯೋದು) ಕೂತ ಮೇಲೆ ನಿಮ್ಮ ಖಾತೆಗೇ ಬರುತ್ತೆ, ಅವನಿಗಲ್ಲ. ಪ್ಯಾನೆಲ್ ದೇಶದಲ್ಲೇ ತಯಾರಾದದ್ದು ಇರಬೇಕು, ಬಿಲ್‌ನಲ್ಲಿ ಬರೆಸಿಕೊಳ್ಳಿ.

ಹಳೇಫ್ಯಾನು:
ತಿಂಗಳಿಗೆ ಎಷ್ಟು ಯೂನಿಟ್? ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರ್ತಿದ್ದರೆ ಸಾಲ ಮಾಡಿ ಸೋಲಾರ್ ಯಾಕೆ? ನಾನು 75 ವ್ಯಾಟಿನ ನಾಲ್ಕು ಫ್ಯಾನ್ ತೆಗೆದು ಕಡಿಮೆ ಕರೆಂಟ್ ಎಳೆಯೋ ಬಿಎಲ್‌ಡಿಸಿ ಫ್ಯಾನ್ ಹಾಕಿದೆ, ಒಂದೊಂದು 30 ವ್ಯಾಟ್ ಆಸುಪಾಸು. ಸಬ್ಸಿಡಿ ಇಲ್ಲ, ಯಾರ ಕಾಲೂ ಹಿಡೀಬೇಕಿಲ್ಲ.

ತಾರಸಿಮನೆ:
ಬೇಸಿಗೆಯಲ್ಲಿ 200 ದಾಟುತ್ತೆ, ಆಗ ಪೂರ್ತಿ ಬಿಲ್ ನಮ್ಮ ತಲೆಗೇ. ಮಗನ ಎಸಿ! ಸರಿ, ನಾಳೆ ಮರಣ ಪ್ರಮಾಣಪತ್ರ ಹುಡುಕ್ತೀನಿ. ಟ್ರಂಕ್‌ನಲ್ಲಿ ಎಲ್ಲೋ ಮದುವೆ ಆಲ್ಬಮ್ ಕೆಳಗಿದೆ.