ಕೆಂಪುಕಲ್ಲಿನ ಟಿಪ್ಪರ್ ವಿಚಾರ, ಇವತ್ತೇ ಏನಾದರೂ ಮಾಡಿ

ಪ್ರಸಾದ್, 2ನೇ ಅಡ್ಡರಸ್ತೆ: ನಿನ್ನೆ ರಾತ್ರಿ ಎರಡೂವರೆಯಿಂದ ಹನ್ನೊಂದು ಟಿಪ್ಪರ್. ಸಿಟೌಟಲ್ಲಿ ಕೂತು ನಾನೇ ಲೆಕ್ಕ ಹಾಕಿದೆ. ಮಗು ಮಲಗಲಿಲ್ಲ, ಅಮ್ಮನಿಗೆ ಬಿಪಿ ಏರಿತು, ಗೇಟಿನ ಹತ್ತಿರ ಗೋಡೆ ಮತ್ತೆ ಬಿರುಕು ಬಿಟ್ಟಿದೆ. ಗುಡ್ಡೆಯ ಆ ಕೋರೆಗೆ ಪರ್ಮಿಟ್ ಉಂಟಾ ಇಲ್ವಾ ಮಾರಾಯ್ರೆ? ಹೋದ ಸಲದ ಹಾಗೆ ಸುಮ್ನೆ ಹೆಬ್ಬೆರಳು ಹಾಕಬೇಡಿ.

ಐರಿನ್ ಟೀಚರ್: 👍

ಐರಿನ್ ಟೀಚರ್: ಸಾರಿ, ಕೈ ತಾಗಿತು.

ಮೂಲೆಮನೆ ಶೆಟ್ರು: ಅದು ಪಟ್ಟಾ ಜಾಗ. 2013ರಲ್ಲಿ ಮಲಬಾರಿನ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ನೆಲದಡಿಯ ಖನಿಜವೂ ಜಾಗದವನದ್ದೇ ಅಂತ. ನನಗೆ ಕಾನೂನು ಕಲಿಸುವುದು ಬೇಡ.

ರಾಯ್ರು: ಶೆಟ್ರೇ, ಅದು ಖಾಸಗಿ ಜಾಗದ ತೀರ್ಪು. ಈ ಕೋರೆಯ ಮೇಲಿನ ಅರ್ಧ ಪಟ್ಟಾ ಹೌದು, ಕೆಳಗಿನದ್ದು ಕುಮ್ಕಿ. ಕುಮ್ಕಿ ಅಂದರೆ ಪಕ್ಕದ 100 ಗಜದೊಳಗಿನ ಸರ್ಕಾರಿ ಜಾಗ. ಸೊಪ್ಪು, ಕಟ್ಟಿಗೆ, ಹುಲ್ಲು ತರಬಹುದು, ಕಲ್ಲು ಕೊಯ್ಯಲಿಕ್ಕಿಲ್ಲ. ಅದರಾಚೆ ರಿಸರ್ವ್ ಫಾರೆಸ್ಟಿನ ಗಡಿಕಲ್ಲು. ಅದನ್ನು ದಾಟಿದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಕೇಂದ್ರದ ಒಪ್ಪಿಗೆ ಇಲ್ಲದೆ ಕೋರೆ ಮಾಡುವ ಹಾಗೇ ಇಲ್ಲ. ಪಟ್ಟಾದಲ್ಲೂ ಗಣಿ ಇಲಾಖೆಯ ಅನುಮತಿ ಬೇಕು, ಸಾಗಿಸಲಿಕ್ಕೆ ಪರ್ಮಿಟ್ ಬೇಕು. ಗಣಿ ಕಾಯ್ದೆ 1957ರದ್ದು, ನಿನ್ನೆ ಮೊನ್ನೆ ಬಂದದ್ದಲ್ಲ.

ಮೂಲೆಮನೆ ಶೆಟ್ರು: ಗಡಿಕಲ್ಲು ಎಲ್ಲುಂಟು, ತೋರಿಸಿ. ಅದನ್ನು ಯಾರೋ ಕಿತ್ತು ವರ್ಷ ಆಯಿತು.

ಇಮ್ರಾನ್: ಯಾರೋ ಅಂದರೆ ಯಾರು ಶೆಟ್ರೇ? 😄

ಗೀತಾ ಆಂಟಿ: 🌸 ಶುಭೋದಯ 🌸 ಇದನ್ನು ಹತ್ತು ಜನರಿಗೆ ಕಳಿಸಿ, ಸಂಜೆಯೊಳಗೆ ಒಳ್ಳೆಯ ಸುದ್ದಿ ಬರುತ್ತದೆ.

ಇಮ್ರಾನ್: ಗಣಿ ಇಲಾಖೆಗೂ ಒಂದು ಕಳಿಸಿ ಆಂಟಿ.

ಮೂಲೆಮನೆ ಶೆಟ್ರು: ಇಲ್ಲಿ ಯಾರ ಮನೆ ಕೆಂಪುಕಲ್ಲಿನದ್ದಲ್ಲ ಹೇಳಿ? ಪ್ರಸಾದ್, ನಿಮ್ಮ ಕಂಪೌಂಡಿಗೆ ಕಲ್ಲು ಬಂದದ್ದು ಇದೇ ಕೋರೆಯಿಂದ, ಇಳಿಸುವಾಗ ನಾನೇ ನಿಂತು ನೋಡಿದ್ದೇನೆ, ಆಗ ಪಹಣಿ ಕೇಳಿದಿರಾ? ನನ್ನ ಮಗಳ ಮನೆ ಲಿಂಟಲ್‌ವರೆಗೆ ಬಂದು ನಿಂತಿದೆ, ಕೋರೆ ಬಂದ್ ಮಾಡಿಸಿದರೆ ಉಳಿದ ಕಲ್ಲು ನೀವು ಕೊಡುತ್ತೀರಾ?

ಪ್ರಸಾದ್: ಆಗ ಟಿಪ್ಪರ್ ಹಗಲು ಬರುತ್ತಿತ್ತು.

ಐರಿನ್ ಟೀಚರ್: ಜಗಳ ಸಾಕು. ಅರ್ಜಿ ಬರೆದಿದ್ದೇನೆ. ಡಿಸಿಗೆ ಒಂದು, ಗಣಿ ಇಲಾಖೆಗೆ ಒಂದು, ಅರಣ್ಯ ಇಲಾಖೆಗೆ ಒಂದು. ಸರ್ವೆ ನಂಬರ್ ರಾಯ್ರು ಕೊಡಲಿ. ಆದಿತ್ಯವಾರ ಕಟ್ಟೆಯ ಹತ್ತಿರ ಸಹಿ ಹಾಕಿ, ಸೋಮವಾರ ಮಂಗಳೂರಿಗೆ ಹೋಗಿ ಕೊಟ್ಟು ಬರುವ.

ಇಮ್ರಾನ್: ಮೊದಲ ಸಹಿ ಯಾರದ್ದು?

ರಾಯ್ರು: ನಾನು ಪೆನ್ಷನ್‌ನವ. ಎರಡನೆಯದ್ದು ಹಾಕುತ್ತೇನೆ.

ಗೀತಾ ಆಂಟಿ: ಅದಿರಲಿ, ಕೋರೆಯ ಮಣ್ಣು ಬಂದು ಚರಂಡಿ ಕಟ್ಟಿಕೊಂಡಿದೆ. ಹೋದ ಮಳೆಗೆ ನಮ್ಮ ಬಾವಿ ನೀರು ಕೆಂಪಾಗಿತ್ತು. ಮೊದಲು ಅದನ್ನು ತೆಗೆಸಿ.

ಮೂಲೆಮನೆ ಶೆಟ್ರು: ಇದು ಮಾತು! ಜೆಸಿಬಿ ನಾನು ಹೇಳುತ್ತೇನೆ, ಗುರುತಿನವರದ್ದೇ ಉಂಟು. ಮನೆಗೆ 300 ರೂಪಾಯಿ.

ಇಮ್ರಾನ್: ಗುರುತಿನವರು ಅಂದರೆ ಕೋರೆಯವರಾ?

ಐರಿನ್ ಟೀಚರ್: 300 ಗೂಗಲ್ ಪೇ ಮಾಡಿದ್ದೇನೆ.

ರಾಯ್ರು: ನಾನೂ.

ಪ್ರಸಾದ್: ಜೆಸಿಬಿ ಹಗಲೇ ಬರುತ್ತದೆ ಅಲ್ವಾ?